ಮೇಷ್ಟ್ರ ಪೆಟ್ಟಿಗೆಯಿಂದ ಕೀಬೋರ್ಡಿನವರೆಗೆ: ಹಾಸನ ಸೀಮೆಯ ವಾದಕನ ವೃತ್ತಿ

ಸಂಗೀತದ ಸಭೆಯಲ್ಲಾಗಲಿ ನಾಟಕದ ರಂಗದಲ್ಲಾಗಲಿ, ಬಿಳಿ ಕರಿ ಮನೆಗಳ ವಾದ್ಯವನ್ನು ಮುಂದಿಟ್ಟುಕೊಂಡು ಕುಳಿತು, ಹಾಡುವವನಿಗೆ ಶ್ರುತಿಯನ್ನು ಕೊಟ್ಟು, ಅವನು ಎಡವಿದಲ್ಲಿ ಕೈಹಿಡಿದು, ಅವನು ಮೌನವಾದಲ್ಲಿ ಆ ಮೌನವನ್ನು ತುಂಬಿ, ಕೊನೆಗೆ ಚಪ್ಪಾಳೆಯೆಲ್ಲ ಹಾಡಿದವನಿಗೇ ಸಲ್ಲುವುದನ್ನು ಸಹಜವೆಂದು ಸ್ವೀಕರಿಸುವ ಒಬ್ಬ ಕಲಾವಿದನಿರುತ್ತಾನೆ. ಅವನ ಜೀವನವೃತ್ತಿ ಎಂಥದು, ಅದರ ವಿದ್ಯೆ ಎಲ್ಲಿಂದ ಬಂದುದು, ಅದಕ್ಕೆ ನಾವು ಕೊಟ್ಟಿರುವ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಸಮಗ್ರವಾಗಿ ಎತ್ತಿದವರು ವಿರಳ. ಅಮೆರಿಕದಲ್ಲಿ ಫಂಕ್ ಮತ್ತು ಸ್ಮೂತ್ ಜಾಝ್ ಎಂಬ ಶೈಲಿಗಳಲ್ಲಿ ಹೆಸರಾದ ಕೀಬೋರ್ಡ್ ವಾದಕರ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಕಡೆಗೆ ಹೊರಳುತ್ತದೆ. ಈ ಎರಡು ವೃತ್ತಿಗಳೂ ಹೊರನೋಟಕ್ಕೆ ತೋರುವಷ್ಟು ದೂರದವಲ್ಲವೆಂಬ ನಂಬಿಕೆಯಿಂದಲೇ ಈ ಸಮೀಕ್ಷೆಗೆ ತೊಡಗಿದ್ದೇನೆ.

ಹಾಸನ ಜಿಲ್ಲೆಯ ಸಂಗೀತವೆಂದೊಡನೆ ಬಲ್ಲವರ ಬಾಯಲ್ಲಿ ಮೊದಲು ಬರುವ ಹೆಸರು ರುದ್ರಪಟ್ಟಣ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ಈ ಸಣ್ಣ ಗ್ರಾಮವು ಕರ್ಣಾಟಕ ಸಂಗೀತಕ್ಕೆ ಕೊಟ್ಟಿರುವ ವಿದ್ವಾಂಸರ ಸಂಖ್ಯೆಯನ್ನು ನೆನೆದರೆ ದೊಡ್ಡ ನಗರಗಳೂ ತಲೆಬಾಗಬೇಕು. 1920ರಲ್ಲಿ ಇಲ್ಲಿ ಜನಿಸಿ, ದೀರ್ಘಕಾಲ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿ, 2011ರಲ್ಲಿ ಪದ್ಮಭೂಷಣಕ್ಕೆ ಪಾತ್ರರಾಗಿ, 2014ರಲ್ಲಿ ತೀರಿಕೊಂಡ ಆರ್.ಕೆ. ಶ್ರೀಕಂಠನ್, ಅವರ ಸೋದರ ಪಿಟೀಲು ವಿದ್ವಾನ್ ವೆಂಕಟರಾಮ ಶಾಸ್ತ್ರಿಗಳು, ರುದ್ರಪಟ್ಟಣಂ ಸಹೋದರರೆಂದು ಖ್ಯಾತರಾದ ತ್ಯಾಗರಾಜನ್ ಮತ್ತು ತಾರಾನಾಥನ್, ತಂಬೂರಿಯ ಆಕಾರದ ಮಂದಿರವನ್ನು ಹುಟ್ಟೂರಿನಲ್ಲಿ ಕಟ್ಟಿಸಿದ ಆರ್.ಕೆ. ಪದ್ಮನಾಭ, ಇವರೆಲ್ಲರೂ ಆ ನೆಲದ ಫಲ. ಆದರೆ ಇವರು ಗಾಯಕರು, ಪಿಟೀಲುಗಾರರು; ಗಮಕವೇ ಪ್ರಾಣವಾದ ಪರಂಪರೆಗೆ ಸೇರಿದವರು. ಅದೇ ತಾಲ್ಲೂಕಿನಲ್ಲಿ, ಅದೇ ಹೊಳೆಯ ನೀರು ಕುಡಿದ ಪಕ್ಕದ ಊರುಗಳಲ್ಲಿ, ಸುಗ್ಗಿ ಮುಗಿದ ರಾತ್ರಿಗಳಲ್ಲಿ ಇನ್ನೊಂದು ಸಂಗೀತ ನಡೆಯುತ್ತ ಬಂದಿದೆ. ಅದಕ್ಕೆ ವಿದ್ವತ್ಸಭೆಯ ಮುದ್ರೆಯಿಲ್ಲ, ಆದರೆ ಅದನ್ನು ಕೇಳಿ ಬೆಳೆದ ಜನಸಂಖ್ಯೆ ಬಹು ದೊಡ್ಡದು. ಅದರ ನಡುವೆ ಕುಳಿತವನು ಹಾರ್ಮೋನಿಯಂ ಮೇಷ್ಟ್ರು.

ಈ ವಾದ್ಯವು ನಮ್ಮದಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೇನ್ 1842ರಲ್ಲಿ ಹಕ್ಕುಪತ್ರ ಪಡೆದ ಕಾಲುತಿದಿಯ ಪೆಟ್ಟಿಗೆಯು ಕ್ರೈಸ್ತ ಪಾದ್ರಿಗಳೊಡನೆಯೂ ಆಂಗ್ಲ ಅಧಿಕಾರಿಗಳೊಡನೆಯೂ ಭಾರತಕ್ಕೆ ಬಂದಿತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ನೆಲದ ಮೇಲೆ ಕುಳಿತು ನುಡಿಸುವ ನಮ್ಮ ಪದ್ಧತಿಗೆ ಹೊಂದುವಂತೆ ಅದನ್ನು ಕೈತಿದಿಯ ಪೆಟ್ಟಿಗೆಯಾಗಿ ಮಾರ್ಪಡಿಸಿದರು. ಪಾರ್ಸಿ ಮತ್ತು ಮರಾಠಿ ನಾಟಕ ಮಂಡಳಿಗಳ ಮೂಲಕ ಅದು ಕನ್ನಡದ ವೃತ್ತಿರಂಗಭೂಮಿಗೆ ಪ್ರವೇಶಿಸಿತು. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, 1884ರಲ್ಲಿ ಆರಂಭವಾಗಿ ಮುಂದೆ ವೀರಣ್ಣನವರ ಕೈಯಲ್ಲಿ ದಿಗ್ವಿಜಯ ಸಾಧಿಸಿದ ಗುಬ್ಬಿ ಕಂಪನಿ ಮೊದಲಾದವು ಊರೂರು ತಿರುಗಿದ ದಶಕಗಳಲ್ಲಿ, ರಂಗದ ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತು ಎರಡು ಕಾಲಿನಿಂದ ಗಾಳಿಯೂದುತ್ತ ಎರಡು ಕೈಯಿಂದಲೂ ನುಡಿಸುವ ಕಾಲು ಹಾರ್ಮೋನಿಯಂ ನಾಟಕಸಂಗೀತದ ಬೆನ್ನೆಲುಬಾಯಿತು. ಕಂಪನಿಗಳು ಒಂದೊಂದಾಗಿ ಕಣ್ಮುಚ್ಚಿದ ಮೇಲೂ ಅವುಗಳ ಮಟ್ಟುಗಳು ಸಾಯದೆ ಉಳಿದುದು ಹೆಚ್ಚಿನ ಪಾಲು ಹಳ್ಳಿಯ ಮೇಷ್ಟ್ರುಗಳ ಬೆರಳಿನಲ್ಲಿ. ಆರ್. ಪರಮಶಿವನ್ ಅಂಥವರು ಹಳೆಯ ರಂಗಗೀತೆಗಳನ್ನು ಹಾರ್ಮೋನಿಯಂ ಹಿಡಿದು ನಗರದ ಸಭೆಗಳಿಗೆ ಮರಳಿ ಕೇಳಿಸಿದಾಗ, ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಂದ ಬಂದು ಕುಳಿತಿದ್ದವರಿಗೆ ಅದು ಪುನರುಜ್ಜೀವನವೆನಿಸಲಿಲ್ಲ, ಊರಿನ ಹಾಡೇ ಎನಿಸಿತು.

ಇನ್ನು ಮೇಷ್ಟ್ರ ಕೆಲಸವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅದನ್ನು ಹತ್ತಿರದಿಂದ ಕಾಣದವರು ಅದನ್ನು ಬರಿಯ ಪಕ್ಕವಾದ್ಯವೆಂದು ತಿಳಿಯುತ್ತಾರೆ. ಹೇಮಾವತಿಯ ನಾಲೆಯ ನೀರು ಹರಿಯುವ ಚನ್ನರಾಯಪಟ್ಟಣದ ತೆಂಗಿನ ತೋಟಗಳ ಊರಾಗಲಿ, ಹೊಗೆಸೊಪ್ಪು ಬೆಳೆಯುವ ಅರಕಲಗೂಡಿನ ಊರಾಗಲಿ, ಹಾಸನದ ಸುತ್ತಿನ ಆಲೂಗೆಡ್ಡೆ ಹೊಲಗಳ ಊರಾಗಲಿ, ನಾಟಕವಾಡಬೇಕೆಂದು ನಿಶ್ಚಯಿಸಿದ ಕೂಡಲೆ ಹಿರಿಯರು ಮೊದಲು ಗೊತ್ತುಮಾಡುವುದು ಮೇಷ್ಟ್ರನ್ನು. ಸೀನರಿ, ಧ್ವನಿವರ್ಧಕ, ಸ್ತ್ರೀಪಾತ್ರದ ಕಲಾವಿದೆಯರು ಎಲ್ಲವೂ ಅನಂತರದ ಮಾತು. ‘ಕುರುಕ್ಷೇತ್ರ’ವೋ ‘ದಾನಶೂರ ಕರ್ಣ’ವೋ ‘ಶನಿಪ್ರಭಾವ’ವೋ ಗೊತ್ತಾದ ಮೇಲೆ, ಹಗಲೆಲ್ಲ ನೇಗಿಲು ಹಿಡಿದ ಅಥವಾ ಅಂಗಡಿಯಲ್ಲಿ ತಕ್ಕಡಿ ಹಿಡಿದ ಹತ್ತಿಪ್ಪತ್ತು ಮಂದಿ ರಾತ್ರಿ ಊಟದ ಅನಂತರ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಪಡಸಾಲೆಯಲ್ಲೋ ಕೂಡುತ್ತಾರೆ. ಅವರಲ್ಲಿ ಸ್ವರಜ್ಞಾನವುಳ್ಳವನು ಒಬ್ಬನಿದ್ದರೆ ಅದೇ ಭಾಗ್ಯ. ಯಾರ ಕಂಠ ಯಾವ ಶ್ರುತಿಗೆ ಏರಬಲ್ಲುದು, ಒಂದು ಮನೆಯೋ ಎರಡೂವರೆ ಮನೆಯೋ, ಯಾರಿಗೆ ದುರ್ಯೋಧನನ ಗರ್ಜನೆ ಒಪ್ಪೀತು, ಯಾರ ಮೆಲುದನಿಗೆ ಕೃಷ್ಣನ ಹಾಡು ಹೊಂದೀತು ಎಂಬುದನ್ನು ಮೇಷ್ಟ್ರು ಒಂದೆರಡು ರಾತ್ರಿಗಳಲ್ಲೇ ತೂಗಿ ನೋಡಬೇಕು. ಅಣ್ಣತಮ್ಮಂದಿರ ವೈಮನಸ್ಸು, ಹಣ ಹೆಚ್ಚು ಕೊಟ್ಟವನ ಒತ್ತಾಯ, ಗೌಡರ ಮನೆಯ ಹುಡುಗನ ಹಂಬಲ, ಇವುಗಳ ನಡುವೆಯೇ ಆ ತೂಕವನ್ನು ಸರಿಗೊಳಿಸಬೇಕು. ಆಮೇಲೆ ತಿಂಗಳುಗಟ್ಟಲೆ ಕಲಿಕೆ. ಓದುಬಾರದವನಿಗೆ ಪದ್ಯವನ್ನು ಬಾಯಿಪಾಠ ಮಾಡಿಸಿ, ಕಂದಕ್ಕೊಂದು ರಾಗ, ವೃತ್ತಕ್ಕೊಂದು ರಾಗವೆಂದು ಹಂಚಿ, ಮಾತಿನ ಏರಿಳಿತವನ್ನೂ ಹೆಜ್ಜೆಯನ್ನೂ ತಿದ್ದುವವರು ಅವರೇ. ಹೀಗೆ ಸಂಗೀತ ಸಂಯೋಜಕ, ಗುರು, ನಿರ್ದೇಶಕ, ಪಕ್ಕವಾದ್ಯಗಾರ ಎಂಬ ನಾಲ್ಕು ಅಧಿಕಾರಗಳು ಒಬ್ಬನಲ್ಲಿ ಸೇರಿದ ವೃತ್ತಿ ಇದು. ಬೇರೆ ಯಾವ ಸಂಗೀತ ಪರಂಪರೆಯಲ್ಲಿಯೂ ಇದಕ್ಕಿಂತ ಹೆಚ್ಚಿನ ಭಾರವನ್ನು ಒಬ್ಬ ವಾದಕನ ಹೆಗಲಿಗೆ ಹೊರಿಸಿದ್ದನ್ನು ನಾನು ಕಾಣೆ.

ನಾಟಕದ ರಾತ್ರಿಯಾದರೋ ಅವರ ವಿದ್ಯೆಯ ನಿಜವಾದ ಪರೀಕ್ಷೆ. ಮೊದಲ ಬಾರಿ ಬಣ್ಣ ಹಚ್ಚಿ ಸಾವಿರಾರು ಕಣ್ಣುಗಳೆದುರು ನಿಂತ ಕರ್ಣನು ಗಂಟಲೊಣಗಿ ಕಲಿತ ಶ್ರುತಿಯನ್ನು ಬಿಟ್ಟು ಬೇರೆಲ್ಲಿಂದಲೋ ವೃತ್ತವನ್ನು ಎತ್ತಿಕೊಂಡುಬಿಡುತ್ತಾನೆ. ಆ ಕ್ಷಣದಲ್ಲಿ ಮೇಷ್ಟ್ರು ಅವನು ನಿಂತ ಸ್ವರವನ್ನು ಕಿವಿಯಿಂದ ಹಿಡಿದು, ಅದನ್ನೇ ಷಡ್ಜವೆಂದು ಮಾಡಿಕೊಂಡು, ಅದೇ ರಾಗವನ್ನು ಅಲ್ಲಿಂದಲೇ ಕಟ್ಟಿ, ನಟನಿಗೂ ಪ್ರೇಕ್ಷಕನಿಗೂ ಅರಿವಾಗದಂತೆ ಎರಡು ಸಾಲಿನೊಳಗೆ ಅವನನ್ನು ದಾರಿಗೆ ತರುತ್ತಾರೆ. ಭೀಮಪಲಾಸ್ ರಾಗವನ್ನು ಹನ್ನೆರಡು ಮನೆಗಳಲ್ಲಿ ಎಲ್ಲಿಂದ ಬೇಕಾದರೂ ನುಡಿಸಬಲ್ಲ ಕೈ ಇದಕ್ಕೆ ಬೇಕು. ತಾಳವಿಲ್ಲದೆ ಸಾಗುವ ವೃತ್ತದಲ್ಲಿ ನಟನ ಉಸಿರನ್ನು ಅನುಸರಿಸಿ, ಅವನು ನಿಲ್ಲಿಸಿದೆಡೆಯಲ್ಲಿ ರಾಗದ ಒಂದು ಎಳೆಯನ್ನು ಬಿಚ್ಚಿ, ಹಾಡಿಗೆ ಬಂದೊಡನೆ ತಬಲದವನಿಗೆ ಕಣ್ಣಿನಲ್ಲೇ ನಡೆಯನ್ನು ತಿಳಿಸಿ, ಜನ ‘ಒನ್ಸ್ ಮೋರ್’ ಎಂದು ಕೂಗಿದಾಗ ಹಿಂದಿನ ಬಾರಿಗಿಂತ ಬೇರೆಯಾದ ಸಂಚಾರದಿಂದ ಮತ್ತೆ ಎತ್ತಿಕೊಡುವುದು, ಇದೆಲ್ಲ ಬೆಳಗಿನ ಜಾವದವರೆಗೆ ಎಡೆಬಿಡದೆ ನಡೆಯುತ್ತದೆ. ಜಾಝ್ ಸಂಗೀತವನ್ನು ಹೊಗಳುವವರು ಅದರ ಜೀವವು ಸದ್ಯಃಸ್ಫೂರ್ತಿಯಲ್ಲಿದೆಯೆನ್ನುತ್ತಾರೆ. ಆ ಗುಣಕ್ಕೆ ಕೊಡುವ ಗೌರವದಲ್ಲಿ ಒಂದು ಪಾಲು ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೋ ಹಳ್ಳಿಯ ಚಪ್ಪರದ ಕೆಳಗೋ ರಾತ್ರಿಯಿಡೀ ಬೆರಳಾಡಿಸುವ ಈ ಹಿರಿಯರಿಗೂ ನ್ಯಾಯವಾಗಿ ಸಲ್ಲಬೇಕಾದುದು.

ಆದರೆ ಸಂದುದು ಬೇರೆ. ಹಾರ್ಮೋನಿಯಮ್ಮನ್ನು ಕುರಿತು ಭಾರತದ ವಿದ್ವಾಂಸರ ತಿರಸ್ಕಾರ ಹಳೆಯದು. ರವೀಂದ್ರನಾಥ ಠಾಕೂರರೂ ಆನಂದ ಕುಮಾರಸ್ವಾಮಿಯವರೂ ಅದನ್ನು ವಿರೋಧಿಸಿದರು. 1940ರ ಮಾರ್ಚ್ 1ರಿಂದ ಆಕಾಶವಾಣಿ ಅದನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತು. 1971ರ ಸುಮಾರಿಗೆ ಮಾತ್ರ ಆ ನಿರ್ಬಂಧ ಸಡಿಲವಾಯಿತು. ಈ ವಿರೋಧಿಗಳ ಆಕ್ಷೇಪ ನಿರಾಧಾರವಾದುದೇನೂ ಅಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ಬಿಡಿಬಿಡಿಯಾದ ಮನೆಗಳ ವಾದ್ಯವು ನುಡಿಸಲಾರದು. ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಕತ್ತರಿಸಿದ ಶ್ರುತಿವ್ಯವಸ್ಥೆ ನಮ್ಮ ಗಾಂಧಾರ ನಿಷಾದಗಳ ಸೂಕ್ಷ್ಮವನ್ನು ಹಿಡಿಯಲಾರದು. ರುದ್ರಪಟ್ಟಣದ ಪರಂಪರೆಯ ಶುದ್ಧ ತೋಡಿಯನ್ನು ಕೇಳಿದ ಕಿವಿಗೆ ಈ ಕೊರತೆ ಕೂಡಲೆ ತಟ್ಟುತ್ತದೆ. ಆದರೂ ನಿಷೇಧದ ಆ ಮೂರು ದಶಕಗಳಲ್ಲಿ ಆದ ನಷ್ಟವನ್ನು ಯಾರೂ ಎಣಿಸಲಿಲ್ಲ. ಬಾನುಲಿಯ ಧ್ವನಿಮುದ್ರಿಕೆಗಳು ನಾಡಿನ ಸಂಗೀತದ ಭಂಡಾರವಾಗಿ ಬೆಳೆಯುತ್ತಿದ್ದ ಕಾಲದಲ್ಲಿಯೇ ಪೆಟ್ಟಿಗೆ ಹಿಡಿದವನಿಗೆ ಬಾಗಿಲು ಮುಚ್ಚಿತ್ತಾದುದರಿಂದ, ಕಂಪನಿ ನಾಟಕದ ಯುಗದ ಶ್ರೇಷ್ಠ ವಾದಕರ ನಾದದಲ್ಲಿ ಬಹುಪಾಲು ದಾಖಲೆಯಿಲ್ಲದೆ ಗಾಳಿಗೆ ಹೋಯಿತು. ಒಂದು ವಾದ್ಯದ ಮಿತಿಯನ್ನು ಅದನ್ನು ನುಡಿಸುವ ಮನುಷ್ಯನ ಮಿತಿಯೆಂದು ಬಗೆದದ್ದು ಆ ತೀರ್ಮಾನದ ದೊಡ್ಡ ದೋಷವೆಂದೇ ನಾನು ಭಾವಿಸುತ್ತೇನೆ.

ಉತ್ತರ ಕರ್ನಾಟಕದಲ್ಲಿ ಪರಿಸ್ಥಿತಿ ಭಿನ್ನವಾಗಿತ್ತು. ಹಿಂದೂಸ್ತಾನಿ ಗಾಯನಕ್ಕೆ ಹಾರ್ಮೋನಿಯಂ ಸಾಥಿ ಒಪ್ಪಿತವಾದುದರಿಂದ, ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮ ಬಿಜಾಪುರೆಯವರು (1917–2010) ಹಲವು ತಲೆಮಾರಿನ ಗಾಯಕರಿಗೆ ಸಾಥ್ ಕೊಟ್ಟು, ಅಪಾರ ಶಿಷ್ಯಬಳಗವನ್ನು ಬೆಳೆಸಿ, ಸ್ವತಂತ್ರ ವಾದಕರಾಗಿಯೂ ಮನ್ನಣೆ ಪಡೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅಂಧ ಬಾಲಕರಿಗೆ ಈ ವಿದ್ಯೆಯನ್ನು ಅನ್ನದ ದಾರಿಯಾಗಿ ಕಲಿಸಿತು. ಹಾಸನ ಸೀಮೆಯವನಿಗೆ ಇಂಥ ಆಶ್ರಯ ದೊರೆಯಲಿಲ್ಲ. ಒಂದು ಕಡೆ ಕರ್ಣಾಟಕ ಸಂಗೀತದ ಕಛೇರಿಯಲ್ಲಿ ಅವನ ವಾದ್ಯಕ್ಕೆ ಸ್ಥಳವಿಲ್ಲ, ಇನ್ನೊಂದು ಕಡೆ ಆಧುನಿಕ ರಂಗಭೂಮಿಗೆ ಅವನ ನಾಟಕವೇ ಹಳತು.

ಈಗ ಸಮುದ್ರದಾಚೆಗೆ ಒಮ್ಮೆ ನೋಡೋಣ. 1939ರಲ್ಲಿ ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಜೋ ಸ್ಯಾಂಪಲ್ ಎಂಬ ಕರಿಯ ಜನಾಂಗದ ಪಿಯಾನೋ ವಾದಕನ ಜೀವನ ಈ ಪ್ರಕರಣಕ್ಕೆ ಒಳ್ಳೆಯ ನಿದರ್ಶನ. ಶಾಲೆಯ ಗೆಳೆಯರೊಡನೆ ಕಟ್ಟಿದ ತಂಡವು ಲಾಸ್ ಏಂಜಲೀಸಿಗೆ ಹೋಗಿ ಜಾಝ್ ಕ್ರುಸೇಡರ್ಸ್ ಎಂಬ ಹೆಸರಿನಿಂದ 1961ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಿತು. 1971ರಲ್ಲಿ ಆ ತಂಡವು ಹೆಸರಿನಿಂದ ‘ಜಾಝ್’ ಎಂಬ ಪದವನ್ನೇ ಕೈಬಿಟ್ಟು, ನೃತ್ಯದ ಲಯಕ್ಕೆ ಹತ್ತಿರವಾದ ಫಂಕ್ ಶೈಲಿಗೆ ಹೊರಳಿತು. ಫಂಕ್ ಎಂದರೆ ರಾಗವಿಸ್ತಾರಕ್ಕಿಂತ ಲಯಕ್ಕೆ ಮುಖ್ಯತ್ವ ಕೊಡುವ ಸಂಗೀತ. ಆವರ್ತದ ಮೊದಲ ಪೆಟ್ಟಿಗೆ ಒತ್ತು ಕೊಟ್ಟು, ಉಳಿದ ಪೆಟ್ಟುಗಳ ನಡುವಣ ಸಂದುಗಳಲ್ಲಿ ಬಾಸ್ ಗಿಟಾರು, ಡ್ರಮ್ಮು, ಕೀಬೋರ್ಡುಗಳು ಚಿಕ್ಕಚಿಕ್ಕ ಸ್ವರಗುಚ್ಛಗಳನ್ನು ಒಂದರೊಳಗೊಂದು ಹೆಣೆಯುತ್ತವೆ. ಆ ಕಾಲಕ್ಕೆ ಬಂದ ರೋಡ್ಸ್ ಎಂಬ ವಿದ್ಯುತ್ ಪಿಯಾನೋ ಈ ಶೈಲಿಯ ಕಂಠವಾಯಿತು. ಅದರಲ್ಲಿ ಮನೆಯನ್ನು ಒತ್ತಿದಾಗ ಸಣ್ಣ ಸುತ್ತಿಗೆಯೊಂದು ಲೋಹದ ಕಡ್ಡಿಗೆ ತಾಕಿ, ಆ ಕಂಪನವು ವಿದ್ಯುತ್ತಾಗಿ ಹಿಗ್ಗಿ ನಾದವಾಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಗಾಳಿಯ ಒತ್ತಡಕ್ಕೆ ಹಿತ್ತಾಳೆಯ ರೀಡು ಕಂಪಿಸುತ್ತದೆ. ಎರಡರ ಒಡಲಲ್ಲಿಯೂ ನಡುಗುವ ಲೋಹವೇ ಹಾಡುವುದರಿಂದ, ಎರಡರ ನಾದದಲ್ಲಿಯೂ ಮನುಷ್ಯಕಂಠದೊಡನೆ ಬೆರೆಯುವ ಒಂದು ಬಿಸುಪು ಇದೆಯೆಂದು ನನಗೆ ತೋರುತ್ತದೆ.

ಸ್ಯಾಂಪಲ್ಲರ ಜೀವನೋಪಾಯ ಬಹುಕಾಲ ನಡೆದುದು ಪರರ ಹಾಡುಗಳಿಗೆ ನುಡಿಸಿಯೇ. ಮಾರ್ವಿನ್ ಗೇ, ಜೋನಿ ಮಿಚೆಲ್, ಸ್ಟೀಲಿ ಡ್ಯಾನ್ ಮೊದಲಾದವರ 1970ರ ದಶಕದ ಪ್ರಸಿದ್ಧ ಧ್ವನಿಮುದ್ರಿಕೆಗಳಲ್ಲಿ ಅವರ ಕೈಯಿದೆ. ಅದರ ಜೊತೆಗೇ 1978ರ ‘ರೇನ್‌ಬೋ ಸೀಕರ್’ ಅವರ ಸ್ವಂತ ಹೆಸರಿನಲ್ಲಿ ಬಂದಿತು, 1979ರಲ್ಲಿ ತಂಡದ ‘ಸ್ಟ್ರೀಟ್ ಲೈಫ್’ ಜಗತ್ತಿನಾದ್ಯಂತ ಹರಡಿತು. 1987ರಲ್ಲಿ ಲಾಸ್ ಏಂಜಲೀಸಿನ ಬಾನುಲಿ ಕೇಂದ್ರವೊಂದು ಒರಟುತನವಿಲ್ಲದ, ಮಾಧುರ್ಯ ಪ್ರಧಾನವಾದ ವಾದ್ಯಸಂಗೀತಕ್ಕೇ ಮೀಸಲಾದ ಬಳಿಕ ಸ್ಮೂತ್ ಜಾಝ್ ಎಂಬ ಹೆಸರು ನೆಲೆಗೊಂಡು, ಸ್ಯಾಂಪಲ್, ಬಾಬ್ ಜೇಮ್ಸ್, ಜಾರ್ಜ್ ಡ್ಯೂಕ್ ಮೊದಲಾದ ಕೀಬೋರ್ಡ್ ವಾದಕರಿಗೆ ಹೊಸ ಶ್ರೋತೃವರ್ಗವನ್ನು ಒದಗಿಸಿತು. ಇಲ್ಲಿಯೂ ವಿಮರ್ಶಕರ ತಾತ್ಸಾರ ಕಡಿಮೆಯಿರಲಿಲ್ಲ. ಇದು ಸಂಗೀತವಲ್ಲ, ಅಂಗಡಿಯ ಹಿನ್ನೆಲೆಯ ನಾದ ಎಂದವರು ಬಹುಮಂದಿ. 2008–09ರ ಹೊತ್ತಿಗೆ ನ್ಯೂಯಾರ್ಕ್, ಷಿಕಾಗೋಗಳಲ್ಲಿ ಇಂಥ ಬಾನುಲಿ ಕೇಂದ್ರಗಳು ಮುಚ್ಚಿಯೂ ಹೋದವು. ಆದರೆ 2014ರಲ್ಲಿ ಸ್ಯಾಂಪಲ್ ತೀರಿಕೊಂಡಾಗ, ಪರರಿಗಾಗಿ ನುಡಿಸಿದ ಹಲವು ಮುದ್ರಿಕೆಗಳ ಹೊದಿಕೆಯ ಮೇಲೆ ಅವರ ಹೆಸರು ಅಚ್ಚಾಗಿ ಉಳಿದಿತ್ತು. ಆ ವೃತ್ತಿಗೂ ನಮ್ಮ ಮೇಷ್ಟ್ರ ವೃತ್ತಿಗೂ ಇರುವ ಮುಖ್ಯ ಅಂತರ ಇದು. ವಿದ್ಯೆಯಲ್ಲಿ ಅಂತರವಿಲ್ಲವೆಂದು ನಾನು ಹೇಳುತ್ತಿಲ್ಲ. ಸ್ವರಮೇಳದ ಶಾಸ್ತ್ರವೇ ಬೇರೆ, ರಾಗದ ಶಾಸ್ತ್ರವೇ ಬೇರೆ. ಆದರೆ ಒಬ್ಬನ ಕೆಲಸವು ಉಳಿದು ಇನ್ನೊಬ್ಬನದು ಅಳಿದುದಕ್ಕೆ ಕಾರಣ ವಿದ್ಯೆಯಲ್ಲ, ದಾಖಲೆ.

ವಿದ್ಯುತ್ ಕೀಬೋರ್ಡು ಕನ್ನಡದ ಕಿವಿಗೆ ಬಿದ್ದುದು ಮುಖ್ಯವಾಗಿ ಚಲನಚಿತ್ರದ ಮೂಲಕ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ಸಹಾಯಕರಾಗಿ ಹಲವಾರು ಕನ್ನಡ ಚಿತ್ರಗಳಿಗೆ ದುಡಿದ ಇಳಯರಾಜರು 1981ರ ‘ಗೀತಾ’ ಚಿತ್ರದಲ್ಲಿ ಪಾಶ್ಚಾತ್ಯ ನೃತ್ಯಲಯವನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದರು. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖರು ಅದನ್ನು ಕನ್ನಡ ಯುವಜನರ ನಿತ್ಯದ ನಾದವನ್ನಾಗಿಸಿದರು. ಇದೇ ಹಂಸಲೇಖರಿಗೂ ವಿಜಯಾನಂದರಿಗೂ ಎ.ಆರ್. ರೆಹಮಾನರು ತಮ್ಮ ತಾರುಣ್ಯದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರೆಂಬುದು ಕನ್ನಡಿಗರು ಹೆಚ್ಚಾಗಿ ನೆನೆಯದ ಸಂಗತಿ. ಜಗತ್ತಿಗೆಲ್ಲ ಹೆಸರಾದ ಸಂಯೋಜಕನೂ ಮೊದಲು ಪರರ ಹಾಡಿಗೆ ಮನೆ ಒತ್ತಿದವನೇ. ಜಾಝ್ ಸಂಗೀತದೊಡನೆ ನೇರವಾದ ನಂಟಂತೂ ಬೆಂಗಳೂರಿನಲ್ಲಿ ಬೆಳೆಯಿತು. ಟಿ.ಎ.ಎಸ್. ಮಣಿಯವರ ತಾಳವಾದ್ಯ ವಿದ್ಯಾಲಯವೂ ಗಾಯಕಿ ಆರ್.ಎ. ರಮಾಮಣಿಯವರೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆಗೂಡಿ 1983ರಲ್ಲಿ ಹೊರತಂದ ‘ಜ್ಯೋತಿ’ ಧ್ವನಿಮುದ್ರಿಕೆ ಆ ನಂಟಿನ ಗಟ್ಟಿ ಫಲ. ನಮ್ಮ ಹಳ್ಳಿಗಳಿಗೆ ಅದು ಬರಲಿಲ್ಲ. ನಮ್ಮಲ್ಲಿಗೆ ಬಂದುದು ಕ್ಯಾಸಿಯೊ ಕೀಬೋರ್ಡು. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ, ಕೊನೆಗೆ ಪೌರಾಣಿಕ ನಾಟಕದ ರಂಗದಲ್ಲಿಯೂ ಹಾರ್ಮೋನಿಯಂ ಪಕ್ಕದಲ್ಲಿ ಅದು ತಳವೂರಿತು. ಯುದ್ಧದ ಸನ್ನಿವೇಶಕ್ಕೆ ರಣಘೋಷ, ಕೃಷ್ಣನ ಪ್ರವೇಶಕ್ಕೆ ಕೊಳಲು, ಗುಡುಗು, ಶಂಖ ಎಲ್ಲವನ್ನೂ ಒಂದೇ ಹಲಗೆಯಿಂದ ಹೊರಡಿಸುವ ಸೌಕರ್ಯವನ್ನು ಯಾರು ತಾನೆ ಬೇಡವೆಂದಾರು?

ಆದರೆ ಆ ಸೌಕರ್ಯದಿಂದ ನನಗೆ ಎರಡು ಕಳವಳಗಳುಂಟು. ಗುಂಡಿಯೊಂದನ್ನು ಒತ್ತಿದರೆ ವಾದ್ಯದ ಶ್ರುತಿಯೇ ಬದಲಾಗುವುದರಿಂದ, ಹನ್ನೆರಡು ಮನೆಗಳಿಂದಲೂ ರಾಗವನ್ನು ಕಟ್ಟಬಲ್ಲ ಹಳೆಯ ಸಾಧನೆಯನ್ನು ಕಲಿಯುವ ಅಗತ್ಯ ಹೊಸಬನಿಗೆ ಕಾಣಿಸದು; ಶ್ರುತಿ ತಪ್ಪಿದ ಕರ್ಣನನ್ನು ಹಾಡಿನ ನಡುವೆ ಉಳಿಸಿಕೊಳ್ಳಲು ಗುಂಡಿ ಹುಡುಕುವಷ್ಟು ಕಾಲವಿರುವುದಿಲ್ಲ. ಎರಡನೆಯದಾಗಿ, ಯಂತ್ರವು ತಾನೇ ಬಾರಿಸುವ ತಾಳ ನಟನ ಉಸಿರಿಗಾಗಿ ಕಾಯುವುದಿಲ್ಲ. ಫಂಕ್ ವಾದಕರ ಲಯವನ್ನು ಕಿವಿಗೊಟ್ಟು ಕೇಳಿದವರಿಗೆ ತಿಳಿದಿದೆ, ಅದರ ಸೊಗಸು ಪೆಟ್ಟನ್ನು ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಇಡುವ ಮನುಷ್ಯನ ತೂಕದಲ್ಲಿದೆ ಎಂಬುದು. ತಬಲದವನನ್ನು ಮನೆಗೆ ಕಳುಹಿಸಿ ಪೆಟ್ಟಿಗೆಯ ತಾಳಕ್ಕೆ ಹಾಡಿಸುವ ಆರ್ಕೆಸ್ಟ್ರಾಗಳು ಫಂಕ್ ಸಂಗೀತದ ಉಪಕರಣವನ್ನು ಪಡೆದು ಅದರ ಪ್ರಾಣವನ್ನು ಬಿಟ್ಟಿವೆ. ಹಾಗೆಂದು ಹೊಸ ವಾದ್ಯವೇ ಕೆಟ್ಟದ್ದಲ್ಲ. ಸ್ವರವನ್ನು ಬಾಗಿಸುವ ಚಕ್ರವುಳ್ಳ ಕೀಬೋರ್ಡಿನಲ್ಲಿ ಹಾರ್ಮೋನಿಯಮ್ಮಿಗೆ ಅಸಾಧ್ಯವಾಗಿದ್ದ ಗಮಕ ಸಾಧ್ಯವಾಗಿದೆ. 1940ರ ಆಕ್ಷೇಪಕ್ಕೆ ಯಂತ್ರಶಿಲ್ಪಿಗಳು ತಕ್ಕಮಟ್ಟಿಗೆ ಉತ್ತರ ಕೊಟ್ಟಿದ್ದಾರೆ. ರುದ್ರಪಟ್ಟಣದ ಗಮಕವನ್ನೂ ನಾಟಕದ ಮಟ್ಟುಗಳನ್ನೂ ಚೆನ್ನಾಗಿ ಬಲ್ಲ ತರುಣನೊಬ್ಬ ಈ ವಾದ್ಯವನ್ನು ಹಿಡಿದರೆ ನಮ್ಮದೇ ಆದ ಹೊಸ ಶೈಲಿಯೊಂದು ಈ ಸೀಮೆಯಲ್ಲಿ ಹುಟ್ಟಬಹುದೆಂಬ ಆಸೆ ನನಗಿದೆ.

ಸಾಹಿತ್ಯವೂ ಹಾರ್ಮೋನಿಯಂ ಮೇಷ್ಟ್ರನ್ನು ಮರೆತಿದೆ. ಅರಕಲಗೂಡಿನ ಮನೆತನದ ಅ.ನ.ಕೃಷ್ಣರಾಯರು 1935ರಲ್ಲಿ ‘ಸಂಧ್ಯಾರಾಗ’ವನ್ನು ಬರೆದರು, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು ‘ಮಂದ್ರ’ವನ್ನು ಬರೆದು ಸರಸ್ವತಿ ಸಮ್ಮಾನಕ್ಕೆ ಪಾತ್ರರಾದರು. ಸಂಗೀತಗಾರನ ಅಂತರಂಗವನ್ನು ಶೋಧಿಸಿದ ಕನ್ನಡದ ಎರಡು ಮುಖ್ಯ ಕಾದಂಬರಿಗಳು ಈ ಒಂದೇ ಜಿಲ್ಲೆಯ ನಂಟುಳ್ಳವರಿಂದ ಬಂದುದು ಹೆಮ್ಮೆಯ ವಿಷಯ. ಎರಡರಲ್ಲಿಯೂ ನಾಯಕನು ಗಾಯಕ. ರಾತ್ರಿಯಿಡೀ ನುಡಿಸಿ, ಬೆಳಗ್ಗೆ ಊರಿನವರು ಹೊದೆಸಿದ ಶಾಲನ್ನು ಚೀಲಕ್ಕೆ ಸೇರಿಸಿ, ಮುಂದಿನ ಊರಿನ ಕಲಿಕೆಗಾಗಿ ಬಸ್ಸು ಹತ್ತುವ ಮೇಷ್ಟ್ರ ಕಥೆಯನ್ನು ಬರೆಯಬೇಕಾದವರು ಇನ್ನೂ ಬರೆಯಬೇಕಾಗಿದೆ. ಅವರ ಹೆಸರು ನಾಟಕದ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದೇನೋ ಉಂಟು; ಆದರೆ ಕರಪತ್ರದ ಆಯುಷ್ಯ ಒಂದು ಜಾತ್ರೆಯಷ್ಟು.

ಆದುದರಿಂದ ನನ್ನ ಬಿನ್ನಹ ಇಷ್ಟೆ. ಹಾಸನದಲ್ಲಿ ಆಕಾಶವಾಣಿಯ ಕೇಂದ್ರವಿದೆ, ರಾಜ್ಯದಲ್ಲಿ ನಾಟಕ ಅಕಾಡೆಮಿಯಿದೆ. ಈ ಸಂಸ್ಥೆಗಳು ಮೊದಲಲ್ಲಿ ಹೆಸರಿಸಿದ ನಾಲ್ಕು ತಾಲ್ಲೂಕುಗಳಲ್ಲಿಯೂ ಇಂದು ಬದುಕಿರುವ ಹಿರಿಯ ಹಾರ್ಮೋನಿಯಂ ಮೇಷ್ಟ್ರುಗಳನ್ನು ಕರೆಸಿ, ಅವರು ಬಲ್ಲ ಕಂದ, ವೃತ್ತ, ಹಾಡುಗಳ ಮಟ್ಟುಗಳನ್ನು ಪೂರ್ತಿಯಾಗಿ ಧ್ವನಿಮುದ್ರಿಸಿ, ಯಾರಿಂದ ಯಾರು ಕಲಿತರೆಂಬ ಗುರುಪರಂಪರೆಯನ್ನು ಬರೆದಿಡಬೇಕು. ಅವರ ಹೆಸರನ್ನು ಸಂಯೋಜಕರೆಂದೇ ದಾಖಲಿಸಬೇಕು. ಸರ್ಕಾರದ ಕೆಲಸ ತಡವಾಗುವುದಾದರೆ, ಊರಿನಲ್ಲಿ ನಾಟಕ ಕಲಿಯುತ್ತಿರುವ ತರುಣರು ತಮ್ಮ ಕಿಸೆಯಲ್ಲಿರುವ ಮೊಬೈಲಿನಿಂದಲೇ ಈ ಸುಗ್ಗಿಯ ಕಲಿಕೆಯ ರಾತ್ರಿಗಳಲ್ಲಿ ಆ ಕೆಲಸವನ್ನು ಆರಂಭಿಸಬಹುದು. ಪ್ರತಿ ಮುದ್ರಿಕೆಯ ಆರಂಭದಲ್ಲಿ ಮೇಷ್ಟ್ರ ಪೂರ್ಣ ಹೆಸರನ್ನೂ ಊರನ್ನೂ ಅವರ ಬಾಯಿಂದಲೇ ಹೇಳಿಸುವುದನ್ನು ಮಾತ್ರ ಮರೆಯಬಾರದು.